ಇನ್ನೂರ ಹತ್ತು ಡಿಗ್ರಿ ಎಂದು ಬರೆದುಕೊಟ್ಟವಳು

ಡೊಂಬಿವಲಿಯ ಆ ರಾಸಾಯನಿಕ ಕಾರ್ಖಾನೆ ಸಿಡಿದ ಒಂಬತ್ತನೆಯ ದಿನ ತನಿಖಾಧಿಕಾರಿ ನಮ್ಮ ಪ್ರಯೋಗಾಲಯಕ್ಕೆ ಬಂದರು. ಅವರ ಕೈಯಲ್ಲಿ ಅರಗಿನ ಮುದ್ರೆ ಹಾಕಿದ ಉಕ್ಕಿನ ಡಬ್ಬವಿತ್ತು. ಒಳಗೆ ಹತ್ತಿಯ ನಡುವೆ ಕಂದು ಗಾಜಿನ ಒಂದು ಸೀಸೆ, ಅದರ ತಳದಲ್ಲಿ ಹಳದಿ ಪುಡಿ. ತೂಗಿ ನೋಡಿದೆ. ಏಳು ಗ್ರಾಂ.

"ಇದೊಂದೇ ಉಳಿದದ್ದು ಮೇಡಂ," ಅಂದರು ಅವರು ಹಿಂದಿಯಲ್ಲಿ. "ಅವರ ಕ್ವಾಲಿಟಿ ವಿಭಾಗದ ಕಪಾಟು ದೂರದ ಗೋಡೆಗಿತ್ತು, ಅದಕ್ಕೆ ಉಳೀತು. ಬಾಕಿ ಮಾಲೆಲ್ಲ ಸುಟ್ಟುಹೋಗಿದೆ. ಇಷ್ಟರಲ್ಲೇ ಏನು ಮಾಡ್ತೀರೋ ಮಾಡಿ."

ತುರ್ಭೆಯ ಕೈಗಾರಿಕಾ ವಸಾಹತಿನಲ್ಲಿ ನಮ್ಮದು ಸಣ್ಣ ಪ್ರಯೋಗಾಲಯ. ರಾಸಾಯನಿಕಗಳನ್ನು ಬಿಸಿ ಮಾಡಿದರೆ ಅವು ಎಲ್ಲಿಯವರೆಗೆ ಸುಮ್ಮನಿರುತ್ತವೆ, ಎಲ್ಲಿಂದ ತಾವಾಗಿಯೇ ಶಾಖ ಬಿಡಲು ಶುರುಮಾಡುತ್ತವೆ ಎಂದು ಅಳೆದು ಹೇಳುವುದು ನನ್ನ ವಿಭಾಗದ ಕೆಲಸ. ನಾನು ಸಾನಪಾಡಾದಲ್ಲಿ ಇರುವುದು, ಹುಟ್ಟಿದ್ದು ಮೈಸೂರಿನಲ್ಲಿ. ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ.

ಸೀಸೆಯ ಮೇಲಿನ ಉತ್ಪನ್ನದ ಹೆಸರನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಹೊರಟೆ. ಅರ್ಧ ಹೆಸರು ಬರೆಯುವಷ್ಟರಲ್ಲಿ ಉಳಿದರ್ಧವನ್ನು ಅದೇ ತುಂಬಿಕೊಂಡಿತು. ಅಂದರೆ ಆ ಹೆಸರು ಮೊದಲೇ ನಮ್ಮಲ್ಲಿತ್ತು. ತೆರೆದು ನೋಡಿದರೆ ಎಂಟು ತಿಂಗಳ ಹಿಂದೆ ಅದೇ ಕಾರ್ಖಾನೆ ಅದೇ ಪುಡಿಯನ್ನು ಪರೀಕ್ಷೆಗೆ ಕಳಿಸಿತ್ತು. ಪರೀಕ್ಷೆ ಮಾಡಿದವಳು ನಾನು. ಒಂದು ಪುಟದ ವರದಿಯ ಕೆಳಗೆ ನನ್ನ ಸಹಿ.

ಅಧಿಕಾರಿ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾದರಿ ತಲುಪಿದೆ ಎಂದು ಬರೆದುಕೊಟ್ಟು, "ಸಿಡಿದ ಪಾತ್ರೆ ಹೇಗಿತ್ತು ಅಂತ ನಾನೊಮ್ಮೆ ಜಾಗ ನೋಡಬೇಕು ಸಾರ್," ಅಂದೆ. ನಾಳೆಯೇ ಬನ್ನಿ ಅಂದರು.

ಅವರು ಹೋದ ಮೇಲೆ ಹಳೆಯ ಕಡತ ತೆಗೆದೆ. ಆ ಪರೀಕ್ಷೆ ಸರಳವಾದದ್ದು. ಸಾಸಿವೆ ಕಾಳಿನಷ್ಟು ಪುಡಿಯನ್ನು ಪುಟ್ಟ ಲೋಹದ ಬಟ್ಟಲಿನಲ್ಲಿ ಮುಚ್ಚಿ ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಬಿಸಿ ಏರಿಸುತ್ತ ಹೋಗುತ್ತೇವೆ. ವಸ್ತು ಒಡೆಯತೊಡಗಿ ಶಾಖ ಬಿಟ್ಟಾಗ ಪರದೆಯ ಮೇಲಿನ ಗೆರೆ ಮೇಲಕ್ಕೇಳುತ್ತದೆ. ಅರ್ಧ ಗಂಟೆಯ ಕೆಲಸ. ಈ ಪುಡಿಗೆ ಗೆರೆ ಎದ್ದದ್ದು ಇನ್ನೂರ ಹತ್ತು ಡಿಗ್ರಿಯಲ್ಲಿ. ವರದಿಯಲ್ಲಿ ಇದ್ದದ್ದೂ ಅಷ್ಟೇ.

ಆದರೆ ನನ್ನ ಮೊದಲ ಕರಡಿನಲ್ಲಿ ಅದರ ಕೆಳಗೆ ಇನ್ನೂ ಮೂರು ಸಾಲು ಇದ್ದವು. ಇದು ಅವಸರದ ಪರೀಕ್ಷೆಯ ಅಂಕಿ, ಸುರಕ್ಷತೆಯ ಮಿತಿ ಅಲ್ಲ. ಈ ಜಾತಿಯ ನೈಟ್ರೋ ಸಂಯುಕ್ತಗಳನ್ನು ಬಹಳ ಹೊತ್ತು ಬಿಸಿಯಲ್ಲಿ ಇಟ್ಟರೆ ಇದಕ್ಕಿಂತ ಎಷ್ಟೋ ಕಡಿಮೆ ಉಷ್ಣತೆಯಲ್ಲೂ ಒಡೆಯಬಹುದು. ಕರಗಿಸಿ ಇಟ್ಟುಕೊಳ್ಳುವ ಉದ್ದೇಶವಿದ್ದರೆ ದೀರ್ಘ ಪರೀಕ್ಷೆ ಮಾಡಿಸಬೇಕು. ಅದನ್ನು ಓದಿ ನಮ್ಮ ಮ್ಯಾನೇಜರ್ ನನ್ನನ್ನು ಕರೆಸಿದ್ದರು. ಅವರು ಉಡುಪಿ ಕಡೆಯವರು. ನನ್ನೊಡನೆ ಕನ್ನಡದಲ್ಲೇ ಮಾತು.

"ಇದು ಎಂತಕ್ಕೆ ಬರೆದದ್ದು ನೀವು? ಅವರು ಕೇಳಿದ್ದು ಒಂದು ನಂಬರ್. ನಂಬರ್ ಕೊಟ್ಟರೆ ಆಯ್ತಲ್ಲ?"

"ನಂಬರ್ ಒಂದೇ ಕೊಟ್ಟರೆ ತಪ್ಪು ತಿಳ್ಕೋಬಹುದು ಸಾರ್."

"ತಿಳ್ಕೊಂಡ್ರೆ ಅದು ಅವರ ಕಥೆ. ನಮ್ಮ ಮಾನ್ಯತೆ ಇರುದು ಪರೀಕ್ಷೆಗೆ, ಅಭಿಪ್ರಾಯಕ್ಕೆ ಅಲ್ಲ. ಆಡಿಟ್‌ನವರು ಬಂದ್ರೆ ಈ ಮೂರು ಸಾಲಿಗೆ ನನ್ನನ್ನು ಹಿಡೀತಾರೆ. ತೆಗೀರಿ ಮಾರಾಯ್ರೆ."

ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ನಾನು ಆ ಸಾಲುಗಳನ್ನು ತೆಗೆದು ಸಹಿ ಹಾಕಿದೆ. ಅವತ್ತು ಮಧ್ಯಾಹ್ನಕ್ಕೆ ಬೇರೆ ಕೆಲಸ ಬಂತು. ಮರೆತೆ. ಕರಡು ಮಾತ್ರ ನನ್ನ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿತ್ತು.

ಮರುದಿನ ಸಾನಪಾಡಾದಿಂದ ಥಾಣೆ ನಗರಕ್ಕೆ ಹೋಗಿ, ಅಲ್ಲಿಂದ ಕಲ್ಯಾಣ್ ಕಡೆಯ ಲೋಕಲ್ ರೈಲು ಹಿಡಿದು ಡೊಂಬಿವಲಿಯಲ್ಲಿ ಇಳಿದೆ. ರಿಕ್ಷಾದವನಿಗೆ ಕಾರ್ಖಾನೆಯ ಹೆಸರು ಹೇಳಬೇಕಾಗಲಿಲ್ಲ. "ಬ್ಲಾಸ್ಟ್‌ವಾಲಾ?" ಎಂದು ಅವನೇ ಕೇಳಿದ. ಅರ್ಧ ಕಿಲೋಮೀಟರ್ ದೂರದಿಂದಲೇ ಕಟ್ಟಡಗಳ ಕಿಟಕಿಗಳಿಗೆಲ್ಲ ನೀಲಿ ತಾಡಪತ್ರಿ ಕಟ್ಟಿತ್ತು. ಒಂದು ಮನೆಯ ಬಾಲ್ಕನಿಯಲ್ಲಿ ಹೆಂಗಸೊಬ್ಬರು ಒಣಗಿಸಿದ ಬಟ್ಟೆಯನ್ನು ಕೊಡವಿ ಕೊಡವಿ ನೋಡುತ್ತಿದ್ದರು. ಹತ್ತು ದಿನವಾದರೂ ಗಾಜಿನ ಚೂರು ಸಿಗುತ್ತಲೇ ಇತ್ತೇನೋ.

ಕಾರ್ಖಾನೆಯಲ್ಲಿ ಏನಾಗಿತ್ತೆಂದು ಅಧಿಕಾರಿ ನಡೆದಾಡುತ್ತಲೇ ವಿವರಿಸಿದರು. ಬಣ್ಣ ತಯಾರಿಕೆಗೆ ಬೇಕಾದ ಈ ನೈಟ್ರೋ ಪದಾರ್ಥವನ್ನು ಕೆಲಸಗಾರರು ಕೆಟಲ್ ಎನ್ನುವ ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಕರಗಿಸಿ ಇಡುತ್ತಾರೆ. ಪಾತ್ರೆಗೆ ಎರಡು ಪದರ. ನಡುವಿನ ಜಾಗಕ್ಕೆ ಜಾಕೆಟ್ ಎನ್ನುತ್ತಾರೆ. ಅದರಲ್ಲಿ ಉಗಿ ಬಿಟ್ಟರೆ ಬಿಸಿ, ನೀರು ಬಿಟ್ಟರೆ ತಂಪು. ಕರಗಿದ ಪದಾರ್ಥ ಅಲ್ಲಿಂದ ಒಂದು ತಿರುಗುವ ಉರುಳೆಯ ಮೇಲೆ ಬಿದ್ದು, ಆರಿ, ಹಪ್ಪಳದ ಚೂರಿನಂತೆ ಉದುರುತ್ತದೆ. ಎರಡು ಗಂಟೆಯಲ್ಲಿ ಕೆಟಲ್ ಖಾಲಿ. ಸ್ಫೋಟದ ಹಿಂದಿನ ಸಂಜೆ ಐದೂವರೆಗೆ ಆ ಉರುಳೆಯ ಬೇರಿಂಗ್ ಮುರಿಯಿತು. ಹೊಸದು ಬರುವುದು ಮರುದಿನ. ಕೆಟಲ್‌ನಲ್ಲಿದ್ದ ಪದಾರ್ಥವನ್ನು ಆರಲು ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗಿ, ಮತ್ತೆ ಕರಗಿಸಲು ದಿನಗಟ್ಟಲೆ ಬೇಕು. ಹಾಗಾಗಿ ಉಗಿ ಬಿಟ್ಟುಕೊಂಡೇ ಇರಲು ಆದೇಶವಾಯಿತು. ಪಾಳಿಯ ಆಪರೇಟರ್ ಅದನ್ನು ಕಾಯುತ್ತ ಕೂತರು. ಬೆಳಿಗ್ಗೆ ಬದಲಿ ಬರಬೇಕಾದವನು ಬರಲಿಲ್ಲ, ಅವರೇ ಮುಂದುವರಿದರು. ಹನ್ನೊಂದೂಕಾಲರ ಹೊತ್ತಿಗೆ ಕೆಟಲ್ ಸಿಡಿಯಿತು. ಆಪರೇಟರ್ ತೀರಿಕೊಂಡರು. ಪಕ್ಕದ ಶೆಡ್ಡಿನ ಇಬ್ಬರು ಗೋಡೆ ಬಿದ್ದು ಸತ್ತರು.

ಕೆಟಲ್ ಇದ್ದ ಜಾಗದಲ್ಲಿ ಕೆಸರು ನೀರು ತುಂಬಿದ ಗುಂಡಿಯಿತ್ತು. ಕೆಟಲ್‌ನ ತಳದ ಬೋಗುಣಿಯಂಥ ಭಾಗ ಹಿಂದಿನ ಕಾರ್ಖಾನೆಯ ಚಾವಣಿಯ ಮೇಲೆ ಸಿಕ್ಕಿತ್ತಂತೆ. ಆದರೆ ಉರುಳೆಯ ಪಕ್ಕ, ಗೋಣಿತಾಟಿನ ಮೇಲೆ, ಬಿಚ್ಚಿದ ಬೇರಿಂಗೂ ಎರಡು ಸ್ಪ್ಯಾನರ್‌ಗಳೂ ಇಟ್ಟಲ್ಲೇ ಇದ್ದವು.

ಕಾರ್ಖಾನೆಯ ಪ್ರೊಡಕ್ಷನ್ ಇನ್‌ಚಾರ್ಜ್ ತಾತ್ಕಾಲಿಕ ಆಫೀಸು ಮಾಡಿಕೊಂಡಿದ್ದ ಕಂಟೇನರ್ ಒಳಗೆ ಕೂತಿದ್ದರು. ಅವರಿಗೂ ಪೆಟ್ಟಾಗಿ ಎಡಗೈ ಕಟ್ಟಿತ್ತು. ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ಅಷ್ಟು ಹೊತ್ತು ಬಿಸಿಯಲ್ಲಿ ಇಡಬಹುದು ಎಂದು ಯಾರು ಹೇಳಿದರು ಎಂಬುದು. ಅವರು ಒಂದೇ ಕೈಯಲ್ಲಿ ಫೈಲು ಬಿಚ್ಚಿ ಒಂದು ಹಾಳೆ ಮುಂದೆ ತಳ್ಳಿದರು. ಇನ್ನೂರ ಹತ್ತು ಎಂಬ ಅಂಕಿಯ ಮೇಲೆ ಹಳದಿ ಮಾರ್ಕರ್ ಎಳೆದಿತ್ತು.

"ನಾವು ನೂರೈವತ್ತು ದಾಟಬಾರದು ಅಂತ ಬೋರ್ಡ್ ಬರೆಸಿದ್ವಿ ಸಾಹೇಬ್. ಅರವತ್ತು ಡಿಗ್ರಿ ಕಡಿಮೆ. ಇದಕ್ಕಿಂತ ಜಾಸ್ತಿ ಸೇಫ್ಟಿ ಯಾರು ಇಡ್ತಾರೆ? ಆಪರೇಟರ್ ಎಲ್ಲೋ ನಿದ್ದೆ ಹೋಗಿರಬೇಕು, ಉಗಿ ಜಾಸ್ತಿ ಆಗಿರಬೇಕು." ಆಮೇಲೆ ನನ್ನ ಕಡೆ ತಿರುಗಿ, "ರಿಪೋರ್ಟ್ ಆಪ್ ಹೀ ಕೀ ಲ್ಯಾಬ್ ಕೀ ಹೈ ನಾ ಮೇಡಂ?" ಅಂದರು, ವರದಿ ನಿಮ್ಮ ಲ್ಯಾಬಿನದೇ ಅಲ್ಲವೇ ಎಂದು. ಆ ದನಿಯಲ್ಲಿ ಕುಹಕವಿರಲಿಲ್ಲ. ಅವರು ನಿಜವಾಗಿಯೂ ಆ ಅಂಕಿಯನ್ನು ನಂಬಿದ್ದರು.

ಅಧಿಕಾರಿ ಹಾಳೆಯ ಕೆಳಗಿನ ಸಹಿಯನ್ನೂ ನನ್ನನ್ನೂ ನೋಡಿದರು. "ನಿನ್ನೆ ಹೇಳಬಹುದಿತ್ತು ನೀವು."

"ಹೌದು ಸಾರ್. ಹೇಳಬೇಕಿತ್ತು."

ಆದರೂ ಅವರು, ಪರೀಕ್ಷೆ ಮುಂದುವರಿಸಿ ಅಂದರು. ಒಂದೇ ಕಡೆಯ ಎರಡು ಫಲಿತಾಂಶಗಳನ್ನು ಹೋಲಿಸಿ ನೋಡಲು ಸುಲಭ ಎಂಬುದು ಅವರ ಲೆಕ್ಕ. ಹೊರಡುವಾಗ ಇನ್ನೊಂದು ವಸ್ತು ಕೊಟ್ಟರು. ಸುಟ್ಟ ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದ ಮೆಮರಿ ಕಾರ್ಡಿನ ನಕಲು. ಕೆಟಲ್‌ನ ಒಳಗಿನ ಉಷ್ಣತೆ, ಜಾಕೆಟ್‌ನ ಉಷ್ಣತೆ, ಎರಡೂ ನಿಮಿಷ ನಿಮಿಷಕ್ಕೆ ದಾಖಲಾಗಿದ್ದವು.

ಆ ದಾಖಲೆಯನ್ನು ಅವತ್ತೇ ಸಂಜೆ ಆಫೀಸಿನಲ್ಲಿ ಬಿಡಿಸಿ ನೋಡಿದೆ. ಆಪರೇಟರ್ ನಿದ್ದೆ ಹೋಗಿರಲಿಲ್ಲ. ಹದಿನೇಳು ಗಂಟೆಗಳ ಕಾಲ ಒಳಗಿನ ಉಷ್ಣತೆ ನೂರ ನಲವತ್ತಮೂರರಿಂದ ನೂರ ನಲವತ್ತೇಳರ ನಡುವೆಯೇ ಇತ್ತು. ಒಂದು ಸಲವೂ ಬೋರ್ಡಿನ ಮಿತಿಯನ್ನು ಮುಟ್ಟಿರಲಿಲ್ಲ. ಕೈಯಿಂದ ತಿರುಗಿಸುವ ಉಗಿಯ ವಾಲ್ವ್ ಅದು. ಹಾಗೆ ಹಿಡಿದಿಡಬೇಕಾದರೆ ಕಾಲು ಗಂಟೆಗೊಮ್ಮೆಯಾದರೂ ಎದ್ದು ಹೋಗಬೇಕು.

ಬೆಳಿಗ್ಗೆ ಹತ್ತೂವರೆಗೆ ಒಳಗಿನ ಗೆರೆ ಏರತೊಡಗಿತ್ತು. ಹತ್ತು ನಲವತ್ತಕ್ಕೆ ಜಾಕೆಟ್‌ನ ಗೆರೆ ಇಳಿಯತೊಡಗಿತ್ತು, ಅದೂ ಕಡಿದಾಗಿ. ನಾನು ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ನೋಡಿದೆ. ಜಾಕೆಟ್ ತಾನಾಗಿ ಹಾಗೆ ಇಳಿಯುವುದಿಲ್ಲ. ಹತ್ತು ನಿಮಿಷದೊಳಗೆ ಏರಿಕೆಯನ್ನು ಗಮನಿಸಿ ಆ ಮನುಷ್ಯ ಉಗಿ ನಿಲ್ಲಿಸಿದ್ದರು, ತಣ್ಣೀರು ತಿರುಗಿಸಿದ್ದರು. ನಂತರದ ಮೂವತ್ತೈದು ನಿಮಿಷ ಎರಡು ಗೆರೆಗಳೂ ಬೇರೆ ಬೇರೆ ದಿಕ್ಕಿಗೆ ಹೋಗಿದ್ದವು. ಹೊರಗೆ ತಣ್ಣಗಾಗುತ್ತಿದ್ದರೂ ಒಳಗೆ ಬಿಸಿ ಏರುತ್ತಲೇ ಇತ್ತು. ಒಳಗಿನ ಪದಾರ್ಥ ಆಗಲೇ ತನ್ನದೇ ಶಾಖದಲ್ಲಿ ಬೇಯುತ್ತಿತ್ತು, ಆ ನೀರಿಗೆ ಅದನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹನ್ನೊಂದೂಕಾಲಕ್ಕೆ ಎರಡೂ ಗೆರೆಗಳು ನಿಂತುಹೋಗಿದ್ದವು.

ಇದು ಕಾಗದದ ಮೇಲೆ ನಿಲ್ಲಬೇಕಾದರೆ ನೂರ ನಲವತ್ತೈದು ಡಿಗ್ರಿಯಲ್ಲಿ ಸುಮ್ಮನೆ ಇಟ್ಟರೂ ಈ ಪುಡಿ ಸಿಡಿಯುತ್ತದೆ ಎಂದು ತೋರಿಸಬೇಕು. ಅದೇ ದೀರ್ಘ ಪರೀಕ್ಷೆ, ಎಂಟು ತಿಂಗಳ ಹಿಂದೆ ನಾನು ಕರಡಿನಲ್ಲಿ ಬರೆದು ಅಳಿಸಿದ್ದು. ನಿಂಬೆಹಣ್ಣಿನ ಗಾತ್ರದ ಉಕ್ಕಿನ ಗುಂಡಿನೊಳಗೆ ಮೂರು ಗ್ರಾಂ ಪುಡಿ ಹಾಕಿ, ಸುತ್ತಲಿನ ಗೂಡನ್ನೂ ಅಷ್ಟೇ ಬಿಸಿ ಇಟ್ಟು, ಒಳಗಿನ ಶಾಖ ಎಲ್ಲಿಗೂ ಹೋಗದಂತೆ ಕಾಯುವುದು.

ಮೊದಲನೆಯ ಸಲ ಗುಂಡಿನ ಕತ್ತಿನ ಸೀಲು ಸೋರಿತು. ನಾಲ್ಕನೆಯ ಗಂಟೆಯಲ್ಲಿ ಒತ್ತಡದ ಮುಳ್ಳು ಬಿದ್ದುಹೋಯಿತು. ಮೂರು ಗ್ರಾಂ ವ್ಯರ್ಥ. ಉಳಿದದ್ದು ನಾಲ್ಕು. ಮ್ಯಾನೇಜರ್ ಬಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನು ಪೂರಾ ಮುಗಿಸಬೇಡಿ. ಸ್ವಲ್ಪ ಇಟ್ಟುಕೊಳ್ಳುವ. ನಾಳೆ ಯಾರಾದ್ರೂ ಬೇರೆ ಲ್ಯಾಬ್‌ಗೆ ಕೊಡಿ ಅಂದ್ರೆ?"

"ಮೂರು ಗ್ರಾಂ ಇಲ್ಲದೆ ಇದು ಆಗಲ್ಲ ಸಾರ್. ಉಳಿದ ಒಂದರಲ್ಲಿ ಆಮ್ಲದ ಅಂಶ ಇದೆಯಾ ಅಂತಲೂ ನೋಡ್ಬೇಕು. ನೋಡದಿದ್ರೆ, ಪುಡಿ ಸರಿಯಾಗಿ ತೊಳೆದಿರಲಿಲ್ಲ, ಆಮ್ಲ ಉಳಿದಿತ್ತು, ಅದಕ್ಕೇ ಸಿಡೀತು ಅಂತಾರೆ."

ಅವರು ಮತ್ತೆ ಹೇಳಲಿಲ್ಲ. ಆ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಕೇಳಿದ್ದರೆ ಪರೀಕ್ಷೆಯೇ ಆಗುತ್ತಿರಲಿಲ್ಲ.

ಎರಡನೆಯ ಸಲ ಸೀಲು ಬದಲಿಸಿ ಮಧ್ಯಾಹ್ನ ಮೂರಕ್ಕೆ ಶುರುಮಾಡಿದೆ. ಆರು ಗಂಟೆಯವರೆಗೆ ನೋಡಿದೆ, ಗೆರೆ ನೆಲದ ಮೇಲೆ ಎಳೆದ ಹಗ್ಗದಂತೆ ಮಲಗಿತ್ತು. ಮನೆಗೆ ಹೋದೆ. ಬೆಳಿಗ್ಗೆ ಎಂಟೂವರೆಗೆ ಬಂದು ಪರದೆ ನೋಡಿದರೆ ಹದಿನಾರು ಗಂಟೆಗಳ ಸಪಾಟು ಗೆರೆಯ ತುದಿಯಲ್ಲಿ ಒಂದು ಗೋಡೆ ಎದ್ದಿತ್ತು. ಏಳು ಗಂಟೆಗೆ ಏರಲು ಶುರುವಾಗಿ ಮುಕ್ಕಾಲು ಗಂಟೆಯಲ್ಲಿ ಯಂತ್ರದ ಮಿತಿ ದಾಟಿ, ಯಂತ್ರ ತಾನಾಗಿ ನಿಂತಿತ್ತು. ನಮ್ಮಲ್ಲಿ ಹದಿನಾರು ಗಂಟೆ, ಕಾರ್ಖಾನೆಯಲ್ಲಿ ಹದಿನೇಳು. ಆಮ್ಲದ ಅಂಶ ಇರಲಿಲ್ಲ. ಪುಡಿ ಸ್ವಚ್ಛವಾಗಿತ್ತು. ಸೀಸೆ ಖಾಲಿಯಾಗಿತ್ತು.

ವಸ್ತು ಹದಿನಾರು ಗಂಟೆ ಏನೂ ಹೇಳದೆ ಒಳಗೊಳಗೇ ಬದಲಾಗುತ್ತಿತ್ತು. ಉಷ್ಣತೆಯನ್ನಷ್ಟೇ ನೋಡುತ್ತ ಕೂತ ಯಾವ ಆಪರೇಟರಿಗೂ ಅದು ಗೊತ್ತಾಗುವಂತಿರಲಿಲ್ಲ. ಗೊತ್ತಾಗಬೇಕಾಗಿದ್ದದ್ದು ನಮ್ಮಂಥವರಿಗೆ.

ವರದಿ ಬರೆದು ಕೊಟ್ಟೆ. ವಿಚಾರಣೆಗೆ ಥಾಣೆಯಲ್ಲಿರುವ ತನಿಖಾ ಸಮಿತಿಯ ಕಚೇರಿಗೆ ಬರಲು ಕರೆ ಬಂತು. ಹೋಗುವ ಹಿಂದಿನ ದಿನ ಮ್ಯಾನೇಜರ್ ಬಾಗಿಲು ಹಾಕಿಕೊಂಡು ಮಾತಾಡಿದರು.

"ಎರಡನೇ ರಿಪೋರ್ಟ್ ಚೆಂದ ಉಂಟು. ಅದರ ಬಗ್ಗೆ ಕೇಳಿದ್ದಕ್ಕೆ ಹೇಳಿ, ಬನ್ನಿ. ಆ ಹಳೇ ಕರಡಿನ ಸುದ್ದಿ ಎತ್ತಬೇಡಿ."

"ಕೇಳಿದ್ರೆ?"

"ಯಾರಿಗೆ ಗೊತ್ತುಂಟು ಕೇಳ್ಲಿಕ್ಕೆ? ನೋಡಿ, ನೀವು ಅದನ್ನು ಹೇಳಿದ್ರೆ ಆ ಸತ್ತ ಮನುಷ್ಯನಿಗೆ ಎಂತ ಉಪಕಾರ? ನಮ್ಮ ಹನ್ನೆರಡು ಜನರ ಕೆಲಸಕ್ಕೆ ಕಲ್ಲು."

ಅದು ಬೆದರಿಕೆಯಾಗಿರಲಿಲ್ಲ. ಅವರ ಮುಖದಲ್ಲಿ ನಿದ್ದೆಗೆಟ್ಟ ಬಳಲಿಕೆ ಇತ್ತು. ನಾನು ಕರಡಿನ ಒಂದು ಪ್ರತಿ ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ. ಕೊಡುತ್ತೇನೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ಥಾಣೆಯ ಆ ಕಚೇರಿಯ ಕಾರಿಡಾರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ಕೂತಿದ್ದರು. ವಯಸ್ಸು ನಲವತ್ತರ ಆಚೀಚೆ. ಫೋನಿನಲ್ಲಿ ಮೆಲ್ಲಗೆ, "ಇನ್ನೂ ಕರದಿಲ್ಲೋ ತಮ್ಮಾ, ಕುಂತೀನಿ," ಎನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ನಾನು, "ಯಾವ ಊರಮ್ಮ?" ಎಂದು ಕೇಳಿದೆ.

"ಬಿಜಾಪುರ ಕಡಿಯವ್ರ್ರೀ. ನೀವೂ ಕನ್ನಡದವರೇನ್ರೀ?" ಆಕೆಯ ಮುಖ ಸ್ವಲ್ಪ ಸಡಿಲವಾಯಿತು. "ನಮ್ಮನಿಯವ್ರು ಡೊಂಬಿವಲಿ ಫ್ಯಾಕ್ಟರ್ಯಾಗ ಆಪರೇಟರ್ ಇದ್ರು. ಅದ್ರಾಗ ತೀರ್‍ಕೊಂಡ್ರು. ಎಷ್ಟನೇ ಕ್ಲಾಸ್ ಕಲ್ತಿದ್ರು, ಟ್ರೇನಿಂಗ್ ಆಗಿತ್ತೋ ಇಲ್ಲೋ, ಅದನ್ನ ಕೇಳಾಕ ಕರಸ್ಯಾರ."

ನಾನು ಪಕ್ಕದಲ್ಲಿ ಕೂತೆ. ಆಕೆಯೇ ಮುಂದುವರಿಸಿದರು. ಅವರಿದ್ದ ಸಾಲುಮನೆಯ ಗೋಡೆ ಸ್ಫೋಟಕ್ಕೆ ಬಿರುಕು ಬಿಟ್ಟಿದ್ದರಿಂದ ಈಗ ತುರ್ಭೆಯಲ್ಲಿ ಲೋಡಿಂಗ್ ಕೆಲಸ ಮಾಡುವ ತಮ್ಮನ ಮನೆಯಲ್ಲಿದ್ದಾರೆ, ಜೊತೆಗೆ ಮಗಳು.

"ಮಂದಿ ಅಂತಾರ, ಅವ್ರು ಮಲ್ಕೊಂಡಿದ್ರು ಅಂತ. ನಮ್ಮ ಮೈದುನನ ಅಂತಾನ, ಅಣ್ಣನಿಂದ ಇಬ್ರು ಸತ್ರು ಅಂತ. ಆದ್ರ ಪ್ಯಾಕಿಂಗಿನ ಹೆಣ್ಮಕ್ಳು ಮನಿಗೆ ಬಂದು ಹೇಳಿದ್ರ್ರೀ, ಹೊರಗ ನಡೀರಿ, ಗೇಟಿನ ತನಕ ಓಡ್ರಿ ಅಂತ ಒದರಿದ್ರಂತ. ಎಂಟ್ ಮಂದಿ ಹೊರಗ ಬಂದ್ರು. ಮಲ್ಕೊಂಡವ್ರು ಹೆಂಗ ಒದರ್ತಾರ್ರೀ?"

ನನ್ನ ಬ್ಯಾಗಿನಲ್ಲಿ ಆ ಎರಡು ಗೆರೆಗಳ ಚಿತ್ರವಿತ್ತು. ವಿಚಾರಣೆಯಲ್ಲಿರುವ ವಿಷಯವನ್ನು ಹೊರಗೆ ಹೇಳುವಂತಿಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದೆ. "ನಾನೂ ಇದೇ ಕೆಲಸಕ್ಕೆ ಬಂದಿದೀನಮ್ಮ. ಮುಗಿದ ಮೇಲೆ ನಿಮ್ಮ ಮನೆಗೆ ಬಂದು ಮಾತಾಡ್ತೀನಿ," ಎಂದು ಆಕೆಯ ನಂಬರ್ ಬರೆದುಕೊಂಡೆ. ಅಷ್ಟರಲ್ಲಿ ನನ್ನನ್ನು ಕರೆದರು.

ಒಳಗೆ ತನಿಖಾಧಿಕಾರಿಯ ಜೊತೆ ಸಮಿತಿಯ ಇನ್ನಿಬ್ಬರು, ಕಾರ್ಖಾನೆಯ ಪರವಾಗಿ ಒಬ್ಬ ವಕೀಲರು. ಎರಡನೆಯ ವರದಿಯನ್ನು ವಿವರಿಸಿದೆ. ಹದಿನಾರು ಗಂಟೆಯ ಗೆರೆಯನ್ನೂ, ಕೆಟಲ್‌ನ ಎರಡು ಗೆರೆಗಳನ್ನೂ ಮೇಜಿನ ಮೇಲೆ ಇಟ್ಟು, ಆಪರೇಟರ್ ಯಾವ ನಿಮಿಷದಲ್ಲಿ ಏನು ಮಾಡಿದರು ಎಂದು ಬೆರಳಿಟ್ಟು ತೋರಿಸಿದೆ. ಸಮಿತಿಯವರೊಬ್ಬರು ಮುಂದೆ ಬಾಗಿ ಬಹಳ ಹೊತ್ತು ನೋಡಿದರು. ನನಗೆ ಧೈರ್ಯ ಬಂತು. ಆಮೇಲೆ ತನಿಖಾಧಿಕಾರಿ ಒಂದು ಪ್ರಶ್ನೆ ಕೇಳಿದರು.

"ಮೇಡಂ, ಎಂಟು ತಿಂಗಳ ಹಿಂದೆ ಇನ್ನೂರ ಹತ್ತು ಅಂತ ಬರೆದುಕೊಟ್ಟಿರಲ್ಲ, ಆಗ ಅದು ಸುರಕ್ಷತೆಯ ಮಿತಿ ಅಲ್ಲ ಅಂತ ನಿಮಗೆ ಗೊತ್ತಿತ್ತಾ? ಅಥವಾ ಈಗ ಗೊತ್ತಾಯ್ತಾ?"

ಈಗ ಗೊತ್ತಾಯಿತು ಎಂದು ಹೇಳಬಹುದಿತ್ತು. ಯಾರೂ ಅನುಮಾನ ಪಡುತ್ತಿರಲಿಲ್ಲ. ಆದರೆ ಅಲ್ಲಿ ಆ ಮಾತು ಹೇಳಿ, ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸಿನ ಮುಂದೆ ಹಾದು ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. "ಗೊತ್ತಿತ್ತು ಸಾರ್," ಅಂದೆ. ಬ್ಯಾಗಿನಿಂದ ಕರಡು ತೆಗೆದು ಕೊಟ್ಟೆ.

ಅವರು ಓದಿದರು. "ಈ ಮೂರು ಸಾಲು ಕಾರ್ಖಾನೆಗೆ ಹೋಗಿತ್ತಾ?"

"ಇಲ್ಲ. ವರದಿಯಿಂದ ತೆಗೆದೆವು."

ಅಲ್ಲಿಂದ ಮುಂದೆ ಮಾತು ವಕೀಲರ ಕೈಗೆ ಹೋಯಿತು. ಅವರು ದನಿ ಎತ್ತಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಈ ಪ್ರಯೋಗಾಲಯಕ್ಕೆ ಅಪಾಯ ಗೊತ್ತಿತ್ತು, ಹೇಳಲಿಲ್ಲ. ಅಂದ ಮೇಲೆ ಇದು ಈ ಪ್ರಕರಣದಲ್ಲಿ ಸ್ವಂತ ಹಿತಾಸಕ್ತಿ ಇರುವ ಪಕ್ಷ. ಇವರ ಎರಡನೆಯ ಪರೀಕ್ಷೆಯನ್ನು ಹೇಗೆ ನಂಬುವುದು? ಉಳಿದ ಮಾದರಿಯನ್ನು ತಟಸ್ಥರಾದ ಬೇರೆಯವರಿಗೆ ಕಳಿಸಬೇಕು.

ತನಿಖಾಧಿಕಾರಿ ನನ್ನ ಕಡೆ ನೋಡಿದರು. "ಎಷ್ಟು ಉಳಿದಿದೆ?"

"ಉಳಿದಿಲ್ಲ ಸಾರ್."

"ಸ್ವಲ್ಪವೂ?"

"ಇಲ್ಲ."

ಮುಂದೆ ಬಾಗಿದ್ದವರು ಹಿಂದಕ್ಕೆ ಒರಗಿ ಕೂತರು. ಹೊರಗೆ ಬಂದಾಗ ಬೆಂಚು ಖಾಲಿಯಿತ್ತು. ಆಕೆಯನ್ನು ಇನ್ನೊಂದು ಕೋಣೆಗೆ ಕರೆದಿದ್ದರಂತೆ.

ನಾಲ್ಕು ತಿಂಗಳ ಮೇಲೆ ತನಿಖಾಧಿಕಾರಿ ಫೋನ್ ಮಾಡಿದರು. ಅವರು ಮಾಡಬೇಕಾಗಿರಲಿಲ್ಲ. ಅಂತಿಮ ವರದಿಯಲ್ಲಿ ನಮ್ಮ ಎರಡನೆಯ ಪರೀಕ್ಷೆಯನ್ನು ಪರಿಗಣಿಸಿಲ್ಲ. ಪರೀಕ್ಷೆಯ ಆಧಾರವಿಲ್ಲದೆ ಕೆಟಲ್‌ನ ಎರಡು ಗೆರೆಗಳಿಗೆ ಇದೊಂದೇ ಅರ್ಥ ಎನ್ನಲಾಗದು. ಪದಾರ್ಥ ದೀರ್ಘಕಾಲ ಬಿಸಿಯಲ್ಲಿ ಇದ್ದದ್ದರಿಂದ ಒಡೆದಿರಬಹುದು, ನಿಖರ ಕಾರಣ ಹೇಳಲು ಸಾಧ್ಯವಾಗಿಲ್ಲ, ಪಾಳಿಯ ಮಟ್ಟದ ಅಜಾಗರೂಕತೆಯನ್ನು ತಳ್ಳಿಹಾಕಲಾಗದು. ಬರೆದದ್ದು ಇಷ್ಟು.

"ನಾನು ಆ ಗ್ರಾಫ್ ನಂಬಿದ್ದೆ ಮೇಡಂ," ಅಂದರು. "ಆದರೆ ನನ್ನ ನಂಬಿಕೆಯನ್ನು ವರದಿಯಲ್ಲಿ ಬರೆಯೋಕಾಗಲ್ಲ."

"ನಾನು ಆವತ್ತು ಕರಡು ಕೊಡದೇ ಇದ್ದಿದ್ದರೆ?"

"ಅದನ್ನ ನನ್ನ ಕೇಳಬೇಡಿ," ಅಂದರು.

ಪ್ರಯೋಗಾಲಯಕ್ಕೆ ಬರುತ್ತಿದ್ದ ಮಾದರಿಗಳು ಕಡಿಮೆಯಾದವು. ಮ್ಯಾನೇಜರ್ ನನಗೆ ಬೈಯಲಿಲ್ಲ. ಆದರೆ ವರದಿಗಳಿಗೆ ಈಗ ನನ್ನ ಬದಲು ಅವರೇ ಸಹಿ ಹಾಕುತ್ತಾರೆ. ವರದಿಯ ಕೆಳಗೆ ಆ ಮೂರು ಸಾಲುಗಳಂಥದ್ದನ್ನು ಸೇರಿಸಲು ಅನುಮತಿ ಕೇಳಿ ನಾನು ಕೊಟ್ಟ ಅರ್ಜಿ ಅವರ ಮೇಜಿನ ಮೇಲೆಯೇ ಇದೆ.

ಆ ಫೋನ್ ಬಂದ ವಾರದ ಭಾನುವಾರ ಬೆಳಿಗ್ಗೆ ನಾನು ತುರ್ಭೆಗೆ ಹೋದೆ. ನನ್ನ ಆಫೀಸಿನಿಂದ ನಡೆದು ಹೋಗುವಷ್ಟು ದೂರ, ಆದರೂ ಆ ಓಣಿಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ತಗಡಿನ ಚಾವಣಿಯ ಒಂದು ಕೋಣೆ. ಆಕೆಯ ತಮ್ಮ ಲೋಡಿಂಗ್ ಕೆಲಸಕ್ಕೆ ಹೋಗಿದ್ದರು. ಆಕೆ ಚಾಪೆ ಹಾಸಿ, "ಬರ್‍ರೀ ಅಕ್ಕಾರ," ಅಂದರು. ಹದಿನಾಲ್ಕು ವರ್ಷದ ಮಗಳು ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತೆಲ್ಲ ಹಿಂದಿಯಲ್ಲಿ.

ಎರಡು ಗೆರೆಗಳ ಚಿತ್ರವನ್ನು ಚಾಪೆಯ ಮೇಲೆ ಹರಡಿದೆ. ಇದು ಪಾತ್ರೆಯ ಒಳಗಿನ ಬಿಸಿ, ಇದು ಹೊರಗಿನ ಬಿಸಿ. ಇಲ್ಲಿಂದ ಇಲ್ಲಿಯವರೆಗೆ ಹದಿನೇಳು ಗಂಟೆ ಕಾರ್ಖಾನೆ ಹೇಳಿದ ಮಿತಿಯಲ್ಲೇ ನಿಮ್ಮವರು ಇಟ್ಟಿದ್ದರು. ಇಲ್ಲಿ ಏರಿತು. ಹತ್ತೇ ನಿಮಿಷಕ್ಕೆ ಉಗಿ ನಿಲ್ಲಿಸಿ ನೀರು ಬಿಟ್ಟರು. ಆಮೇಲೆ ಇಷ್ಟು ಹೊತ್ತು ನೀರು ನಿಲ್ಲಿಸಲೇ ಇಲ್ಲ.

ಆಕೆ ಆ ಕೊನೆಯ ಭಾಗದ ಮೇಲೆ ಬೆರಳಿಟ್ಟರು. "ಇದೆಷ್ಟ್ ಹೊತ್ತ್ರೀ?"

"ಮೂವತ್ತೈದು ನಿಮಿಷ."

"ಅಷ್ಟೊತ್ತು ಅಲ್ಲೇ ನಿಂತಿದ್ರು ಅಂದಂಗಾತು." ಆಕೆ ಬೆರಳು ತೆಗೆಯಲಿಲ್ಲ. "ಗೇಟ್ ಎರಡ್ ನಿಮಿಷದ ಹಾದಿ ಇತ್ರೀ."

ಇಷ್ಟನ್ನು ಕನ್ನಡದಲ್ಲಿ ಬರೆದುಕೊಡಿ, ಮೈದುನನಿಗೂ ಊರಿನವರಿಗೂ ತೋರಿಸಬೇಕು ಎಂದು ಕೇಳಿದರು. ಸರಕಾರದ ಅಂತಿಮ ವರದಿಯಲ್ಲಿ ಹೀಗಿಲ್ಲ, ಇದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಮೊದಲೇ ಹೇಳಿದೆ. ಇರಲಿ, ಬರೆಯಿರಿ ಅಂದರು. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಹೆಸರು, ವಿದ್ಯಾರ್ಹತೆ, ಸಹಿ ಹಾಕಿ ಕೊಟ್ಟೆ. ಆಕೆ ಅದನ್ನು ನಿಧಾನವಾಗಿ ಓದಿ ಮಗಳಿಗೆ ಹಿಂದಿಯಲ್ಲಿ ಹೇಳಿದರು.

ಹುಡುಗಿ ನನ್ನನ್ನೇ ನೋಡುತ್ತ, "ತೋ ಪಪ್ಪಾ ಕೀ ಗಲತೀ ನಹೀಂ ಥೀ," ಅಂದಳು. ಅಪ್ಪನ ತಪ್ಪಿರಲಿಲ್ಲ, ಅಲ್ಲವೇ ಎಂದು.

"ನಹೀಂ ಬೇಟಾ."

"ಫಿರ್ ಕಿಸ್ ಕೀ ಥೀ?"

ಹಾಗಾದರೆ ಯಾರದು. ಬೇರಿಂಗ್, ಬೋರ್ಡು, ಬದಲಿ ಬಾರದ ಮನುಷ್ಯ, ಆದೇಶ ಕೊಟ್ಟವರು, ನಿಯಮ, ಎಲ್ಲವೂ ನನ್ನ ಬಾಯಿಗೆ ಬಂದವು. ಅವೆಲ್ಲ ನಿಜ. ಆದರೆ ಅಲ್ಲಿ ಕೂತು ಅವನ್ನು ಪಟ್ಟಿ ಮಾಡಲಾಗಲಿಲ್ಲ. ಸ್ಫೋಟಕ್ಕೆ ಎಂಟು ತಿಂಗಳ ಮೊದಲಿನ ಪರೀಕ್ಷೆಯನ್ನೂ ನಾನು ಬರೆದು ಅಳಿಸಿದ ಮೂರು ಸಾಲುಗಳನ್ನೂ ಹೇಳಿದೆ, ಮೊದಲು ಹಿಂದಿಯಲ್ಲಿ ಅವಳಿಗೆ, ಆಮೇಲೆ ಕನ್ನಡದಲ್ಲಿ ತಾಯಿಗೆ.

ತಾಯಿ ಕೇಳಿಸಿಕೊಂಡರು. ಸಿಟ್ಟು ಬರಬಹುದೆಂದು ನಾನು ಕಾಯುತ್ತಿದ್ದೆ. ಬಂದಿದ್ದರೆ ಒಳ್ಳೆಯದಿತ್ತು. ಆಕೆ ಒಂದು ಸಾಧಾರಣ ವಿಷಯ ವಿಚಾರಿಸುವಂತೆ ಕೇಳಿದರು.

"ಕಾಗದದಾಗ ಬರಿಬ್ಯಾಡ ಅಂದ್ರು, ಬರೀಲಿಲ್ಲ. ಆತ್ರೀ. ಫೋನ್ ಮಾಡಿ ಹೇಳೂದಿತ್ತಲ್ರೀ? ಫ್ಯಾಕ್ಟರಿಯವ್ರ ನಂಬರ್ ಇರ್ಲಿಲ್ಲೇನು ನಿಮ್ಮ ಕಡೆ?"

"ಇತ್ತು," ಅಂದೆ.

ಆಕೆ ತಲೆಯಾಡಿಸಿದರು. ನಾನು ಬರೆದುಕೊಟ್ಟ ಹಾಳೆಯನ್ನು ನಾಲ್ಕಾಗಿ ಮಡಚಿ ಮಗಳ ಕೈಗೆ ಕೊಟ್ಟು, ಚಹಾಕ್ಕೆ ನೀರಿಡಲು ಎದ್ದು ಹೋದರು.